ಬ್ರೇಕಿನ ಮೂರು ದಿನ

ಅಕ್ಕಯಮ್ಮನಿಗೆ ವರ್ಷಕ್ಕೆ ಮೂರು ದಿನ ಕೆಲಸ ಹೋಗುತ್ತಿತ್ತು. ಚಾಮರಾಜಪೇಟೆಯ ಆ ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಆಯಾ. ಆದರೂ ಪ್ರತಿ ಜನವರಿ ಇಪ್ಪತ್ತನಾಲ್ಕಕ್ಕೆ ಗುತ್ತಿಗೆ ಮುಗಿದು, ಇಪ್ಪತ್ತೆಂಟಕ್ಕೆ ಹೊಸದಾಗಿ ಶುರು. ಆಫೀಸಿನವರು ಅದನ್ನು ಬ್ರೇಕು ಎನ್ನುತ್ತಿದ್ದರು. ಸೇವೆ ಸತತವಾದರೆ ಕಾಯಂ ಮಾಡಿ ಎಂದು ಕೇಳಿಯಾಳು ಎಂಬ ಮುಂಜಾಗ್ರತೆ.

ತಮಾಷೆಯೆಂದರೆ, ಗಣರಾಜ್ಯೋತ್ಸವ ಬರುವುದು ಆ ಮೂರು ದಿನದ ನಡುವೆಯೇ. ಧ್ವಜದ ಕಟ್ಟೆ ತೊಳೆದು ರಂಗೋಲಿ ಹಾಕುವವರು ಯಾರು? ಈ ಮಹಾತಾಯಿಯೇ. ಇಲ್ಲದ ಕೆಲಸಕ್ಕೆ ಬಿಟ್ಟಿಯಾಗಿ ಬಂದು, ಹಾಜರಿ ಪುಸ್ತಕದಲ್ಲಿ ಸಹಿಯೂ ಇಲ್ಲದೆ, ಬಗ್ಗಿ ಚುಕ್ಕಿ ಇಡುತ್ತಿದ್ದಳು. ಮಕ್ಕಳ ಹಬ್ಬಕ್ಕೆ ಕಟ್ಟೆ ಬೋಳಾಗಿರಬಾರದು ಎಂಬ ಹುಚ್ಚು ಅವಳಿಗೆ.

ಈಗ ಮಂಡಿ ಸವೆದಿದೆ, ಆಪರೇಷನ್ ಆಗಬೇಕು. ಕಾಯಂ ಆದವಳು ಎರಡು ತಿಂಗಳು ಮಲಗಿ ಎದ್ದರೂ ಕೆಲಸ ಇರುತ್ತದೆ. ಗುತ್ತಿಗೆಯವಳ ಜಾಗಕ್ಕೆ ಇನ್ನೊಬ್ಬಳು ಬಂದಿರುತ್ತಾಳೆ. ಅದಕ್ಕೇ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದಳು.

"ಬ್ರೇಕಲ್ಲೂ ಕೆಲ್ಸ ಮಾಡಿದೀರಿ ಅನ್ನೋಕೆ ಏನಮ್ಮ ಸಾಕ್ಷಿ?" ಎಂದರು ಅಧಿಕಾರಿ.

"ಫೋಟೋ ಐತೆ ಸಾರ್."

ಫೆಬ್ರವರಿಗೆ ತನ್ನಿ ಎಂದು ವಿಚಾರಣೆ ಮುಂದೂಡಿದರು.

ಶಾಲೆಯ ಗುಮಾಸ್ತ ವಾದಿರಾಜ ಗೋಡೆಯ ಮೇಲಿನ ಗಣರಾಜ್ಯೋತ್ಸವದ ಫೋಟೋಗಳನ್ನು ಒಂದೊಂದಾಗಿ ಇಳಿಸಿಕೊಟ್ಟ. ಎಲ್ಲದರಲ್ಲೂ ತಾರೀಕಿನ ಹಲಗೆಯಿತ್ತು, ರಂಗೋಲಿಯಿತ್ತು. ಅಕ್ಕಯಮ್ಮ ಮಾತ್ರ ಒಂದರಲ್ಲೂ ಇರಲಿಲ್ಲ. ಫೋಟೋ ಹೊತ್ತಿಗೆ ಅವಳು ಟೀಚರುಗಳ ಹ್ಯಾಂಡ್‌ಬ್ಯಾಗು ಹಿಡಿದು ಕ್ಯಾಮೆರಾದ ಹಿಂದೆ ನಿಂತಿರುತ್ತಿದ್ದಳು.

"ನೀವಾದ್ರೂ ಬಂದು ಹೇಳಿ ಸ್ವಾಮಿ."

"ನನಗಿನ್ನೂ ಎರಡು ವರ್ಷ ಸರ್ವೀಸ್ ಇದೆ ಕಣಮ್ಮ. ಮ್ಯಾನೇಜ್‌ಮೆಂಟಿನವರ ಕಷ್ಟಾನೂ ನೋಡು, ವರ್ಷಾವರ್ಷ ಮಕ್ಕಳು ಕಮ್ಮಿ ಆಗ್ತಿದಾರೆ. ಎಲ್ರನ್ನೂ ಕಾಯಂ ಮಾಡಿ, ನಾಳೆ ಸೆಕ್ಷನ್ ಮುಚ್ಚೋ ಹಾಗಾದ್ರೆ?"

"ಅದೂ ನಿಜಾನೇ. ಆದ್ರೆ ಆ ಕಷ್ಟಾನೆಲ್ಲಾ ನನ್ ಮಂಡಿ ಮೇಲೇ ಯಾಕೆ ಇಕ್ತೀರಾ?"

ವಾದಿರಾಜ ಫೋಟೋಗಳನ್ನು ಮತ್ತೆ ಗೋಡೆಗೆ ತೂಗುಹಾಕತೊಡಗಿದ. ಅವಳಿಗೆ ಸಿಟ್ಟೂ ಬರಲಿಲ್ಲ, ಅಷ್ಟು ಸುಸ್ತಾಗಿತ್ತು.

ಜನವರಿ ಇಪ್ಪತ್ತಾರು ಬಂತು. ಮಂಡಿ ಹಿಡಿದುಕೊಂಡೇ ಅಕ್ಕಯಮ್ಮ ರಂಗೋಲಿ ಮುಗಿಸಿದಳು. ಬಾವುಟ ಹಾರಿತು, ಎಲ್ಲರೂ ಫೋಟೋಗೆ ಸಾಲಾಗಿ ನಿಂತರು. ಸುಪ್ರಜಾ ಟೀಚರು ಎಂದಿನಂತೆ ಬ್ಯಾಗು ಚಾಚಿದರು.

"ಈ ಸಲ ನೀವೇ ಇಟ್ಕೊಳಿ ಮಿಸ್," ಎಂದವಳೇ ಹೋಗಿ ತಾರೀಕಿನ ಹಲಗೆಯ ಪಕ್ಕದಲ್ಲಿ ನಿಂತುಬಿಟ್ಟಳು. ಕೈಯಲ್ಲಿನ್ನೂ ರಂಗೋಲಿ ಪುಡಿಯಿತ್ತು.

"ಅಮ್ಮ, ಸ್ಟಾಫ್ ಮಾತ್ರ. ಸ್ವಲ್ಪ ಸೈಡಿಗೆ ಬನ್ನಿ," ಎಂದ ಫೋಟೋದವನು.

ಅವಳು ಅಲ್ಲಾಡಲಿಲ್ಲ.

"ತೆಗಿಯಪ್ಪ," ಎಂದಳು. "ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ ನಂಗೆ."