ನಲವತ್ತು ಅಂಕ

ಅತ್ತೆಯ ಬಲಗಾಲಿನಲ್ಲಿ ಈಗ ಮೂರು ಬೆರಳಿವೆ. ಸಕ್ಕರೆ ಕಾಯಿಲೆಯಿಂದ ಎರಡನ್ನು ತೆಗೆಯಬೇಕಾಯಿತು. ತೆಗೆದ ಜಾಗದ ಗಾಯ ಇನ್ನೂ ಮಾಯ್ದಿಲ್ಲ. ವಾರಕ್ಕೆ ಮೂರು ಸಲ ಇಲಾಖೆಯ ನರ್ಸ್ ಮನೆಗೇ ಬಂದು ಡ್ರೆಸ್ಸಿಂಗ್ ಮಾಡುತ್ತಾಳೆ. ಅದು ತಪ್ಪಿದರೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ನರ್ಸ್ ಮನೆಗೆ ಬರುವುದನ್ನು ತಪ್ಪಿಸುವ ಯೋಜನೆಯನ್ನು ಬರೆದವರಲ್ಲಿ ನಾನೂ ಒಬ್ಬಳು.

ಆರೋಗ್ಯ ಇಲಾಖೆಯ ಯೋಜನಾ ವಿಭಾಗದಲ್ಲಿದ್ದೇನೆ. ಓದಿದ್ದು ಸಂಖ್ಯಾಶಾಸ್ತ್ರ. ಈ ವರ್ಷ ಅನುದಾನ ಕಡಿತವಾಯಿತು. ಆಸ್ಪತ್ರೆಗಳನ್ನೂ ವೃದ್ಧರ ಆರೈಕೆಯನ್ನೂ ಒಂದೇ ಕಚೇರಿಯ ಕೆಳಗೆ ತಂದರು. ಮನೆಮನೆಗೆ ಹೋಗುವ ಇಪ್ಪತ್ತೆರಡು ನರ್ಸ್‌ಗಳಲ್ಲಿ ಒಂಬತ್ತು ಮಂದಿ ಉಳಿದರು. ಆದ್ದರಿಂದ ಅಂಕಗಳು ಬಂದವು, ರೋಗಿಯ ಕಾಯಿಲೆಗೆ ಇಷ್ಟು, ಕೈಲಾಗದ ಕೆಲಸಕ್ಕೆ ಇಷ್ಟು ಎಂದು. ನಲವತ್ತೋ ಹೆಚ್ಚೋ ಅಂಕ ಬಂದವರ ಮನೆಗೆ ನರ್ಸ್ ಹೋಗುತ್ತಾಳೆ. ಉಳಿದವರು ಎರಡು ಬಸ್ಸು ಬದಲಿಸಿ ಹೊಸ ಕೇಂದ್ರಕ್ಕೆ ಬರಬೇಕು. ಮನೆಯಲ್ಲಿ ಗಾಯ ನೋಡಿಕೊಳ್ಳಬಲ್ಲವರು ಇದ್ದರೆ ಇಪ್ಪತ್ತು ಅಂಕ ಕಳೆಯಬೇಕು. ಯೋಜನೆಯ ಆ ಅಧ್ಯಾಯಕ್ಕೆ ‘ಕುಟುಂಬದ ಕೈಯಲ್ಲಿ ಆರೈಕೆ’ ಎಂದು ಹೆಸರಿಟ್ಟವರು ನಿರ್ದೇಶಕರು.

ಅತ್ತೆಯ ವಿಷಯ ಅವರಿಗೆ ಹೇಳಿದೆ.

“ನಿಮ್ಮ ಅತ್ತೆಗೆ ವಿನಾಯಿತಿ ಕೊಟ್ರೆ, ನಾಳೆ ಊರಲ್ಲಿರೋ ಅತ್ತೆಯರೆಲ್ಲ ನನ್ನ ಬಾಗಿಲಲ್ಲಿ ಕ್ಯೂ ನಿಲ್ತಾರೆ,” ಎಂದರು. “ನೀವೇ ಇದೀರಲ್ಲ ಮನೇಲಿ, ಇನ್ನೇನು?”

ನಾನಿದ್ದೇನೆ. ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಯಿತು. ಅದಕ್ಕೆ ಮೊದಲೇ ಹತ್ತಿರದ ತುರ್ತು ಘಟಕವನ್ನು ಇಲಾಖೆ ಮುಚ್ಚಿತ್ತು. ಮುಂದಿನ ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿ ಎಂದು ವರದಿ ಕೊಟ್ಟದ್ದು ನಮ್ಮ ವಿಭಾಗ. ನಮಗೆ ಐವತ್ತು ನಿಮಿಷ ಹಿಡಿಯಿತು.

“ನನ್ನ ಮಗನ್ನ ನುಂಗಿದ ಕೈ ನಿಂದು,” ಎಂದರು ಅತ್ತೆ, ಸಾವಾಗಿ ವಾರ ಕಳೆದ ಮೇಲೆ. “ನನ್ನ ಮೈ ಮುಟ್ಟಿದ್ರೆ ನೋಡು.”

ಅಂದಿನಿಂದ ಮುಟ್ಟಿಲ್ಲ. ಊಟದ ತಟ್ಟೆಯನ್ನು ಸ್ಟೂಲಿನ ಮೇಲೆ ಇಡುತ್ತೇನೆ. ನಾನು ಹೊರಗೆ ಹೋದ ಮೇಲೆ ತಿನ್ನುತ್ತಾರೆ.

ಅಂಕ ಹಾಕುವವನು ಸಮೀಕ್ಷೆಗೆ ಬರುವ ಹಿಂದಿನ ದಿನ ನರ್ಸ್ ಅತ್ತೆಗೆ ಪಾಠ ಹೇಳಿದಳು. ದೊಡ್ಡ ಗಂಟಲಿನ ಹೆಂಗಸು, ಬಾಯಿಗೆ ಬೀಗವಿಲ್ಲ.

“ಅಜ್ಜಿ, ನಾಳೆ ಅವನು ಬಂದಾಗ ಶೋಕಿ ಮಾಡ್ಬೇಡಿ. ತಲೆ ಬಾಚ್ಬೇಡಿ. ಕೇಳಿದ್ದಕ್ಕೆಲ್ಲ ‘ಆಗಲ್ಲಪ್ಪ’ ಅನ್ನಿ. ಸ್ವಲ್ಪ ನರಳಿದ್ರೂ ನಷ್ಟ ಇಲ್ಲ.”

“ನರಳೋಕೆ ನಾನೇನು ನಾಟಕದವಳಾ?”

“ನಾಟಕ ಆಡದಿದ್ರೆ ಪಾದ ಹೋಗುತ್ತೆ.”

“ನಿನ್ನ ಕೆಲಸ ಹೋಗುತ್ತೆ ಅಂತ ಹೇಳು.”

“ಅದೂ ಹೋಗುತ್ತೆ,” ಎಂದು ನರ್ಸ್ ನಕ್ಕಳು.

ಮರುದಿನ ಅತ್ತೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕಾಲಿನ ಮೇಲೆ ಶಾಲು ಹೊದ್ದು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಮೀಕ್ಷಕ ಕೈಯಲ್ಲಿ ಟ್ಯಾಬ್ ಹಿಡಿದು ಎದುರು ಕೂತ. ನಾನು ಕಿಟಕಿಯ ಹತ್ತಿರ ನಿಂತೆ.

“ಸ್ನಾನಕ್ಕೆ ಸಹಾಯ ಬೇಕಾ ಅಜ್ಜಿ?”

“ಯಾಕೆ, ಕೈ ಇಲ್ವಾ ನನಗೆ?”

“ಮೆಟ್ಟಿಲು?”

“ಹತ್ತೀನಿ.”

ನಾನು ಮನಸ್ಸಿನಲ್ಲೇ ಕೂಡುತ್ತಿದ್ದೆ. ಎಷ್ಟು ಜಂಬ ಕೊಚ್ಚಿಕೊಂಡರೂ ಕಾಯಿಲೆಯ ಅಂಕಗಳು ಕೈಹಿಡಿದಿದ್ದವು. ನಲವತ್ತನಾಲ್ಕು. ಸಾಕಿತ್ತು.

“ನರ್ಸ್ ಬರದ ದಿನ ಗಾಯ ಯಾರು ನೋಡ್ಕೋತಾರೆ?”

“ನನ್ನ ಸೊಸೆ. ಬೆಣ್ಣೆಯಂಥ ಕೈ ಅವಳದು. ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ.”

ಎಂಟು ತಿಂಗಳಲ್ಲಿ ನನ್ನ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು. ಹೊರಗಿನವರ ಮುಂದೆ ಮನೆಯ ಮಾನ ಬಿಟ್ಟುಕೊಡುವ ಜಾಯಮಾನ ಅವರದಲ್ಲ.

“ಸುಳ್ಳು,” ಎಂದೆ. “ನಾನು ಅವರ ಕಾಲು ಮುಟ್ಟಿಲ್ಲ. ಅವರು ಬಿಡಲ್ಲ.”

“ಹೊಗಳಿದ್ರೆ ಇವಳು ಹೀಗೇ ಕಣಪ್ಪ. ಸಂಕೋಚ.”

ಸಮೀಕ್ಷಕ ಕತ್ತು ಕೆರೆದುಕೊಂಡ. “ಅವರೊಂದು ಹೇಳ್ತಾರೆ, ನೀವೊಂದು ಹೇಳ್ತೀರಿ. ಹೀಗಾದಾಗ ಮಾಡಿ ತೋರಿಸ್ಬೇಕು ಮೇಡಂ. ನಮೂನೆಯಲ್ಲೇ ಇದೆ.”

ಇತ್ತು, ಏಳನೆಯ ಪುಟದಲ್ಲಿ. ಸರಿಯಾಗಿ ಮಾಡಿದರೆ ಇಪ್ಪತ್ತು ಅಂಕ ಹೋಗುತ್ತದೆ.

ಅತ್ತೆ ಶಾಲು ಸರಿಸಿ ಕಾಲನ್ನು ಸ್ಟೂಲಿನ ಮೇಲೆ ಇಟ್ಟರು. ನನ್ನ ಮುಖ ನೋಡಲಿಲ್ಲ. “ಬಾಮ್ಮ,” ಎಂದರು.

ಕೈ ತೊಳೆದು ಡ್ರೆಸ್ಸಿಂಗ್ ಡಬ್ಬಿ ತಂದೆ. ಪಕ್ಕದ ಕೋಣೆಯಿಂದ ನರ್ಸ್ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಮೊದಲು ಸಲೈನ್ ನೀರಿನಲ್ಲಿ ನೆನೆಸಬೇಕು. ಐದು ನಿಮಿಷ ಬಿಟ್ಟರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಣಗಿದ್ದನ್ನು ಎಳೆದರೆ ಹೊಸದಾಗಿ ಕೂಡಿಕೊಂಡ ಚರ್ಮವೂ ಜೊತೆಗೆ ಬರುತ್ತದೆ. ಬಾಟಲಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

ಒಣಬಟ್ಟೆಯ ತುದಿ ಹಿಡಿದು ಎಳೆದೆ.

“ನೋವಾಗ್ತಿದೆಯಾ ಅಜ್ಜಿ?” ಸಮೀಕ್ಷಕ ಅರ್ಧ ಎದ್ದ.

“ಏನಿಲ್ಲ. ಹೂವು ಎತ್ತಿದ ಹಾಗಿದೆ.” ಕುರ್ಚಿಯ ಕೈ ಹಿಡಿದ ಅವರ ಬೆರಳುಗಳು ಬಿಳಿಚಿದ್ದವು.

ಒಳಗೆ ಇನ್ನೊಂದು ಪದರವಿತ್ತು. ಅದನ್ನು ಎಳೆಯುವ ಅಗತ್ಯವಿರಲಿಲ್ಲ. ಅಂಕ ಮೊದಲನೆಯದರಲ್ಲೇ ತೀರ್ಮಾನವಾಗಿತ್ತು. ಅದು ನನಗೆ ಗೊತ್ತಿತ್ತು. ಎಳೆದೆ.

ರಕ್ತ ಹಿಮ್ಮಡಿಗೆ ಇಳಿದು ಸ್ಟೂಲಿನ ಮೇಲೆ ಹರಡಿತು.

“ನಿಲ್ಸಿ ಮೇಡಂ, ಸಾಕು! ನಿಮ್ಮ ಕೈಗೆ ಕೊಟ್ರೆ ಮುಗೀತು ಕಥೆ.” ಅವನು ಟ್ಯಾಬಿನಲ್ಲಿ ಏನನ್ನೋ ಒತ್ತಿದ. “ನಲವತ್ತನಾಲ್ಕೇ ಇರ್ಲಿ. ನರ್ಸ್ ಬರ್ತಾರೆ.”

ಅವನು ಹೋದ ಮೇಲೆ ಬಟ್ಟೆ ನೆನೆಸಿ ಗಾಯದ ಮೇಲೆ ಇಟ್ಟೆ. ಅತ್ತೆ ಕಾಲು ಎಳೆದುಕೊಂಡರು.

“ಬೇಕಂತಲೇ ಮಾಡಿದೆ.”

“ಹೌದು.”

“ಅಂಕಕ್ಕಾ?”

ನಾನು ಸ್ಟೂಲು ಒರೆಸಿದೆ.

“ಬಾಯಿ ಬಿಟ್ಟು ಹೇಳೇ.”

“ಮೊದಲನೇ ಸಲ ಅಂಕಕ್ಕೆ,” ಎಂದೆ.

ಅವರು ತಾವೇ ಬಗ್ಗಿ ಪಾದಕ್ಕೆ ಬ್ಯಾಂಡೇಜ್ ಸುತ್ತತೊಡಗಿದರು. ಅದು ಎರಡು ಸಲ ಜಾರಿ ಬಿತ್ತು. ನಾನು ಎತ್ತಿಕೊಡಲಿಲ್ಲ, ಅವರು ಕೇಳಲೂ ಇಲ್ಲ.

ಬುಧವಾರ ನರ್ಸ್ ಬಂದಳು. ಬಿಚ್ಚಿ ನೋಡಿದವಳೇ ಕೂಗಿಕೊಂಡಳು. “ಯಾವ ಕಟುಕ ಕಿತ್ತಿದ್ದು ಇದನ್ನ? ಒಂದು ತಿಂಗಳ ಕೆಲಸ ಮಣ್ಣುಪಾಲಾಯ್ತಲ್ಲ!”

“ಸೊಸೆ,” ಎಂದರು ಅತ್ತೆ. “ಬೇಕಂತಲೇ.”

ನರ್ಸ್ ನನ್ನನ್ನು ನೋಡಿದಳು. ನಾನು ಇಲ್ಲ ಎನ್ನುತ್ತೇನೆ ಎಂದು ಕಾದಳು. ಕಚೇರಿಗೆ ಹೊತ್ತಾಗಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ.

“ಶುಕ್ರವಾರ ಬರ್ತೀನಿ ಅಜ್ಜಿ,” ಎಂದಳು. ಮತ್ತೆ ನನ್ನ ಕಡೆ ತಿರುಗಲಿಲ್ಲ.