ನಲವತ್ತು ಸಣ್ಣ ಅಳತೆಯವು

“ಆ ಪೆಟ್ಟಿಗೆ ಒಂದ್ಸಲ ತೆಗೀರಿ ಸಾರ್, ನೋಡ್ತೀನಿ ಅಷ್ಟೇ” ಎಂದು ವಕೀಲೆ ಮೂರನೇ ಸಲ ಕೇಳಿದಾಗಲೂ ಸ್ಟೋರ್‌ಕೀಪರ್ ಕುರ್ಚಿ ಬಿಟ್ಟು ಏಳಲಿಲ್ಲ. ನಿವೃತ್ತನಾಗಿ ಏಳು ವರ್ಷವಾದರೂ ಬೀದಿಯವರಿಗೆ ಅವನು ಸ್ಟೋರ್‌ಕೀಪರೇ. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕರೆಂಟ್ ಬಿಲ್ಲುಗಳಿದ್ದವು, ಇಲಿ ತಿಂದು ಹಾಕಿದೆ ಎಂದ. ಅದು ಹಸಿ ಸುಳ್ಳು. ಆ ಮನೆಯ ಅಚ್ಚುಕಟ್ಟಿಗೆ ಇಲಿ ಬಂದರೂ ಉಪವಾಸ ಬೀಳಬೇಕಿತ್ತು.

ವಕೀಲೆ ಹೊಸ ಸರ್ಕಾರದ ಕಡೆಯವಳು. ಹೊಸದೆಂದರೆ ಇಪ್ಪತ್ತೆರಡು ವರ್ಷ ಹಳೆಯದು. ಅದಕ್ಕೂ ಮುಂಚೆ ಆಳಿದ ಸೇನಾಪತಿ ಹೊರದೇಶದ ಬ್ಯಾಂಕಿನಿಂದ ಸಾಲ ತಂದು ಲಾಠಿ, ಬೇಡಿ, ಕಬ್ಬಿಣದ ಬಾಗಿಲು ಕೊಂಡಿದ್ದ. ಅವನು ಸತ್ತ, ಸಾಲ ಸಾಯಲಿಲ್ಲ. ಕಂತು ಕಟ್ಟಿ ಕಟ್ಟಿ ಆಸ್ಪತ್ರೆಯಲ್ಲಿ ಹತ್ತಿಗೂ ಬರ ಬಂದ ಮೇಲೆ ಸರ್ಕಾರ ಇನ್ನು ಕೊಡುವುದಿಲ್ಲವೆಂದು ಕೋರ್ಟಿಗೆ ಹೋಗಿತ್ತು. ನಾವು ಜನರ ರಕ್ಷಣೆಗೆಂದು ಕೊಟ್ಟೆವು, ಅದನ್ನು ಯಾರ ಮೇಲೆ ಬಳಸಿದರೋ ನಮಗೇನು ಗೊತ್ತು ಎಂದು ಬ್ಯಾಂಕು ಕೈತೊಳೆದುಕೊಂಡಿತ್ತು.

“ಬ್ಯಾಂಕಿಗೆ ಗೊತ್ತಿತ್ತು ಅನ್ನೋಕೆ ಒಂದೇ ಒಂದು ಕಾಗದ ಸಿಕ್ಕಿದ್ರೆ ಸಾಕು ಸಾರ್. ಇಲ್ದಿದ್ರೆ ಇನ್ನೂ ಹನ್ನೊಂದು ವರ್ಷ ಕಟ್ಟಬೇಕು. ಜೈಲಿನ ಉಗ್ರಾಣದಲ್ಲಿ ಆ ಸಾಮಾನು ಇಳಿಸ್ಕೊಂಡೋರಲ್ಲಿ ಉಳಿದಿರೋದು ನೀವೊಬ್ರೇ.”

“ಬಂದಿದ್ದನ್ನ ಎಣಿಸ್ಕೊಂಡೋನು ಕಣಮ್ಮಾ ನಾನು. ನಂಗೇನು ಗೊತ್ತಾಗುತ್ತೆ?”

ಗುರುವಾರವೇ ಕೊನೆಯ ಸಾಕ್ಷಿ ಎಂದು ಹೇಳಿ, ಫೋನ್ ನಂಬರಿನ ಚೀಟಿ ಮೇಜಿನ ಮೇಲಿಟ್ಟು ಅವಳು ಹೋದಳು.

ಸಂಜೆ ಎದುರು ಮನೆಯ ದರ್ಜಿ ಚಹಾಕ್ಕೆ ಬಂದ. ಹದಿನಾರು ವರ್ಷದಿಂದ ದಿನಾ ಬರುತ್ತಿದ್ದ. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ. ಹದಿಮೂರನೇ ವಯಸ್ಸಿನಲ್ಲಿ ಗೋಡೆಯ ಮೇಲೆ ಏನೋ ಬರೆದನೆಂದು ಅವನನ್ನು ಅದೇ ಜೈಲಿನಲ್ಲಿ ಐದು ತಿಂಗಳು ಇಟ್ಟಿದ್ದರು. ಸ್ಟೋರ್‌ಕೀಪರ್ ಅಲ್ಲೇ ಕೆಲಸ ಮಾಡಿದ್ದು ದರ್ಜಿಗೂ ಗೊತ್ತಿತ್ತು. ಹೊಟ್ಟೆಪಾಡು, ಬಿಡಿ ಅಣ್ಣಾ ಎಂದು ಒಮ್ಮೆ ಹೇಳಿ ಆ ಮಾತನ್ನು ಅಲ್ಲಿಗೇ ಮುಗಿಸಿದ್ದ.

“ನಮ್ಮ ಬೆನ್ನಿಗೆ ಬಿದ್ದ ಕೋಲಿನ ದುಡ್ಡೂ ನಾವೇ ಕೊಡ್ಬೇಕಂತೆ ಅಣ್ಣಾ!”

“ಕೊಡಲ್ಲ ಅಂದ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ? ಆಳೋನು ಹೋದ, ದೇಶ ಅದೇ ತಾನೆ? ಸಹಿ ಅಂದ್ರೆ ಸಹಿ.”

“ಮನೆಗೆ ನುಗ್ಗಿದ ಕಳ್ಳ ನಿಮ್ಮ ಹೆಸರಲ್ಲೇ ಸಾಲ ಮಾಡಿ ಕತ್ತಿ ತಂದಿದ್ರೆ, ನೀವು ತೀರಿಸ್ತಿದ್ರಾ?”

ಸ್ಟೋರ್‌ಕೀಪರ್ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಲೋಟದಲ್ಲಿ ಚಹಾ ಮುಗಿದು ಆಗಲೇ ಎಷ್ಟೋ ಹೊತ್ತಾಗಿತ್ತು.

ದರ್ಜಿ ಹೋದ ಮೇಲೆ ಪೆಟ್ಟಿಗೆ ಎಳೆದ. ಕಾಗದ ಮೇಲೆಯೇ ಇತ್ತು. ಎಣಿಸದೆ ಸಹಿ ಹಾಕಿದ ಜೀವವಲ್ಲ ಅದು. ಬೇಡಿ ಮಾಡುವ ಕಂಪನಿಯಿಂದ ಬಂದ ಪೆಟ್ಟಿಗೆಗೆ ಒಂದರಂತೆ ಬೇಡಿ ತೆಗೆದು ತನ್ನ ಕೈಗೇ ಹಾಕಿ ನೋಡಿ ಷರಾ ಬರೆಯುವುದು ಉಗ್ರಾಣದ ಕಟ್ಟಳೆ. ಅದನ್ನೂ ಒಂದು ದಿನವೂ ತಪ್ಪಿಸಿದವನಲ್ಲ. ಆ ಸಲ ಸಣ್ಣ ಅಳತೆಯವು ಇನ್ನೂರು ಬರಬೇಕಿತ್ತು, ನೂರಾ ಅರವತ್ತು ಬಂದಿದ್ದವು. ಯಾರೂ ಕೇಳಿರಲಿಲ್ಲ, ಯಾರೂ ಗಮನಿಸುತ್ತಲೂ ಇರಲಿಲ್ಲ. ಆದರೂ ನಲವತ್ತು ಕಡಿಮೆ ಬಂದಿವೆ, ಕೂಡಲೇ ಕಳಿಸಿ ಎಂದು ಇವನೇ ಕಂಪನಿಗೆ ಬರೆದಿದ್ದ. ಉತ್ತರ ಬಂದಿತ್ತು: ‘ಹದಿನಾಲ್ಕು ವರ್ಷದೊಳಗಿನವರಿಗಾಗಿ ತಯಾರಿಸಿದ ನಲವತ್ತು ಬೇಡಿಗಳನ್ನು ಬ್ಯಾಂಕಿನ ಒಪ್ಪಿಗೆ ಪಡೆದು ಕಳಿಸಿದ್ದೇವೆ. ತಮ್ಮ ಶ್ರದ್ಧೆಗೆ ವಂದನೆಗಳು.’ ಕೆಳಗೆ ಬ್ಯಾಂಕಿನ ದುಂಡು ಮೊಹರು. ಆ ವಂದನೆಗೇ ಅವನು ಕಾಗದವನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದ್ದ. ಈಗ ನೆನೆದರೆ ಮೈಯೆಲ್ಲ ನಾಚಿಕೆ.

ಸೋಮವಾರ ಎರಡೂವರೆ ಮೀಟರ್ ಬಿಳಿ ಬಟ್ಟೆಯನ್ನೂ ಆ ಕಾಗದವನ್ನೂ ತೆಗೆದುಕೊಂಡು ದರ್ಜಿಯ ಅಂಗಡಿಗೆ ಹೋದ.

“ಕೋರ್ಟಿಗೆ ಹೋಗ್ಬೇಕು. ತುಂಬುತೋಳಿಂದು ಒಂದು ಅಂಗಿ ಹೊಲಿದುಕೊಡು. ಅದಕ್ಕೆ ಮುಂಚೆ ಇದನ್ನ ಓದು. ಪೇಪರ್‌ನಲ್ಲಿ ನೋಡಿ ನಿಂಗೆ ಗೊತ್ತಾಗೋದು ಬೇಡ.”

ದರ್ಜಿ ಓದಿದ. ಮೇಲಿನ ತಾರೀಖಿಗೆ ಹೋಗಿ ಮತ್ತೆ ಓದಿದ. ಮಿಷನ್ನಿನ ಚಕ್ರದ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು.

“ಬೇಡಿ ಸಾಲದೆ ನಮ್ಮ ಕೋಣೆಯ ಹುಡುಗ್ರಿಗೆ ಹಗ್ಗ ಕಟ್ಟಿದ್ರು. ನಮ್ಮಣ್ಣ ರಾತ್ರಿಯೆಲ್ಲ ಹಗ್ಗ ಕಡಿದು ಗೋಡೆ ಹಾರಿದ. ಮಾರನೇ ರಾತ್ರಿ ನಾನು ಹಾರೋದು ಅಂತ ಮಾತಾಗಿತ್ತು” ಎಂದ. ಕಾಗದ ಮಡಚಿ ಹಿಂದಕ್ಕೆ ಕೊಟ್ಟು, “ಬೆಳಿಗ್ಗೆ ಹೊಸ ಪೆಟ್ಟಿಗೆ ಬಂತು” ಎಂದ.

ಸ್ಟೋರ್‌ಕೀಪರಿಗೆ ಕ್ಷಮಿಸು ಎನ್ನಬೇಕೆನಿಸಿತು. ಅಷ್ಟರಲ್ಲಿ ದರ್ಜಿ ಎದ್ದು ಟೇಪು ಹಿಡಿದು ಎದೆ, ಭುಜ, ಕೊನೆಗೆ ಮಣಿಕಟ್ಟಿನ ಅಳತೆ ತೆಗೆದುಕೊಂಡ. ಪುಸ್ತಕದಲ್ಲಿ ಬರೆದ.

“ಬುಧವಾರ ಸಂಜೆಗೆ ಆಗುತ್ತೆ ಸಾರ್” ಎಂದ.

ಹದಿನಾರು ವರ್ಷದಲ್ಲಿ ಅವನ ಬಾಯಿಂದ ಮೊದಲ ಸಲ ‘ಸಾರ್’ ಬಂದಿತ್ತು. ಆ ದಿನವೂ ಮಾರನೆಯ ದಿನವೂ ದರ್ಜಿ ಚಹಾಕ್ಕೆ ಬರಲಿಲ್ಲ. ಸ್ಟೋರ್‌ಕೀಪರ್ ಎರಡು ಲೋಟ ಮಾಡಿ ಒಂದನ್ನು ಚೆಲ್ಲಿದ, ಆಮೇಲೆ ವಕೀಲೆಗೆ ಫೋನ್ ಮಾಡಿದ.

ಬುಧವಾರ ಸಂಜೆ ಬಾಗಿಲಿನ ಚಿಲಕಕ್ಕೆ ಪೊಟ್ಟಣ ನೇತಾಡುತ್ತಿತ್ತು. ಭುಜ ಸರಿ, ಕಾಲರು ಸರಿ. ಆದರೆ ತೋಳು ಮೊಣಕೈಗೇ ಮುಗಿದಿತ್ತು. ನೂಲೆಳೆಯಷ್ಟೂ ಅಳತೆ ತಪ್ಪದ ಕೈ ಅದು. ಉಳಿದ ಬಟ್ಟೆಯನ್ನೂ ಮಡಚಿ ಒಳಗಿಟ್ಟಿದ್ದ. ಇಸ್ತ್ರಿ ಮಾಡಿದ ಬೇರೆ ತುಂಬುತೋಳಿನ ಅಂಗಿಗಳು ಗೂಟಕ್ಕಿದ್ದವು. ಗುರುವಾರ ಸ್ಟೋರ್‌ಕೀಪರ್ ಇದನ್ನೇ ತೊಟ್ಟ.

ಕೋರ್ಟಿನಲ್ಲಿ ಕಾಗದ ಓದಿಸಿದ ಮೇಲೆ ಬ್ಯಾಂಕಿನ ವಕೀಲ ಎದ್ದ. “ಮೂವತ್ತು ವರ್ಷದ ಮಾತು. ಆ ಬೇಡಿಯ ಅಳತೆ ನಿಮಗಿನ್ನೂ ನೆನಪಿದೆಯೇ?”

ಸ್ಟೋರ್‌ಕೀಪರ್ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಸಣ್ಣದೊಂದು ಬಳೆ ಮಾಡಿ ಎಲ್ಲರಿಗೂ ಕಾಣುವಂತೆ ಹಿಡಿದ. ಆಮೇಲೆ ಅದನ್ನು ತನ್ನ ಬರಿಯ ಮಣಿಕಟ್ಟಿಗೆ ಹಾಕಲು ನೋಡಿದ. ಬೆರಳುಗಳು ಸೇರಲಿಲ್ಲ.

“ನನ್ನ ಕೈಗೆ ಹಿಡಿಸ್ಲಿಲ್ಲ” ಎಂದ. “ದೋಷವಿಲ್ಲ ಅಂತ ಬರೆದೆ.”

ಕೈ ಕೆಳಗಿಳಿಸಬಹುದು ಎಂದು ನ್ಯಾಯಾಧೀಶರು ಹೇಳಿದರು. ಅವನು ಇನ್ನೂ ಹಾಗೇ ಹಿಡಿದುಕೊಂಡು ನಿಂತಿದ್ದ.