ಅಂಟು ಕಾಯುವಷ್ಟು ಹೊತ್ತು

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ. ಹಾಗಾಗಿ ನನ್ನ ಕೋಪ ನೇರವಾಗಿ ದೇವರ ಮೇಲೆ ಹೋಯಿತು.

ನಾನು ಪುಸ್ತಕ ಬೈಂಡ್ ಮಾಡುವವಳು. ಅಪ್ಪನಿಂದ ಕಲಿತ ಕೆಲಸ. ಮನೆಯ ಕೆಳಗಿನ ಕೋಣೆಯೇ ಅಂಗಡಿ. ಗೋಡೆಗೆ ಒತ್ತಿಕೊಂಡು ಕಬ್ಬಿಣದ ಪ್ರೆಸ್ಸು, ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಕೊನೆಯಲ್ಲಿ ಚಿಕ್ಕ ಒಲೆ, ಒಲೆಯ ಮೇಲೆ ನೀರಿನ ಪಾತ್ರೆ, ಆ ನೀರಿನಲ್ಲಿ ಅಂಟಿನ ಡಬ್ಬಿ. ಮೇಲಿನ ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಅತ್ತೆ. ಒಂಬತ್ತೇ ಒಂಬತ್ತು ದಿನ ನಾವು ನಾಲ್ಕು ಜನ ಇದ್ದೆವು.

ಮಗಳು ಒಂಬತ್ತನೆಯ ದಿನ ಹೋದಳು. ಹೃದಯದಲ್ಲಿ ತೂತಿತ್ತು ಎಂದು ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಇದು ಯಾರ ತಪ್ಪೂ ಅಲ್ಲ ಎಂದು ಎರಡು ಸಲ ಹೇಳಿದರು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಲೋಟ ಒರೆಸುತ್ತ ಅತ್ತೆ ಮೂರನೆಯ ಮಾತು ಹೇಳಿದರು.

"ದಿನಾ ಬೆಳಿಗ್ಗೆ ಕೂತು ಬೈಬಲ್ ಓದು, ಪ್ರಾರ್ಥನೆ ಮಾಡು ಅಂತ ಮದುವೆಯಾದಾಗಿಂದ ಹೇಳ್ತಾ ಬಂದೆ. ಆ ಅಭ್ಯಾಸ ಒಂದು ಇದ್ದಿದ್ರೆ ಮಗು ಉಳೀತಿತ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ಅವರು ಲೋಟ ಒರೆಸುವುದನ್ನೂ ನಿಲ್ಲಿಸಿರಲಿಲ್ಲ.

"ಎಲ್ಲಿ ಬರೆದಿದೆ ಹಾಗಂತ?" ಎಂದೆ.

"ಓದಿದ್ರೆ ತಾನೇ ಗೊತ್ತಾಗೋದು" ಎಂದರು.

ಗಂಡನಿಗೆ ಹೇಳಿದೆ. "ಅಮ್ಮ ಹೇಳಿದ ರೀತಿ ಸರಿಯಿಲ್ಲ. ಆದ್ರೆ ಓದೋದ್ರಲ್ಲಿ ತಪ್ಪೇನೂ ಇಲ್ವಲ್ಲ" ಎಂದರು. ಅವರಿಗೆ ಅಂಚೆ ವಿಂಗಡಿಸುವ ಕೆಲಸ. ಸಾವಿರ ಕಾಗದ ಸರಿಯಾದ ಗೂಡಿಗೆ ಹಾಕುತ್ತಾರೆ, ಮನೆಯಲ್ಲಿ ಮಾತ್ರ ಅಡ್ಡಗೋಡೆ ಮೇಲೆ ದೀಪ.

ನಮ್ಮ ಚರ್ಚಿನ ಸಭೆಯಲ್ಲಿ ವರ್ಷದ ಮೊದಲಿಗೆ ಎಲ್ಲರಿಗೂ ಒಂದು ಪಟ್ಟಿ ಕೊಡುತ್ತಾರೆ. ದಿನಕ್ಕೊಂದು ಚೌಕ. ಓದಿ ಪ್ರಾರ್ಥಿಸಿದ ದಿನ ಅದರಲ್ಲಿ ಗುರುತು ಹಾಕಬೇಕು. ಅತ್ತೆಯ ಪಟ್ಟಿಯಲ್ಲಿ ಮೂವತ್ತು ವರ್ಷದಿಂದ ಒಂದು ಚೌಕವೂ ಖಾಲಿ ಬಿದ್ದಿಲ್ಲ. ನನ್ನದು ಪ್ರತಿ ವರ್ಷ ಮೂರನೆಯ ವಾರಕ್ಕೆ ಮಲಗಿಬಿಡುತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದ ವರ್ಷದ ಪಟ್ಟಿ ಬೀರುವಿನ ಬಾಗಿಲ ಹಿಂದೆ ಇನ್ನೂ ಇತ್ತು. ಹೋಗಿ ಎಣಿಸಿದೆ. ಹದಿನೆಂಟು ಗುರುತು. ಡಾಕ್ಟರು ಬರೆದ ಚಿತ್ರ ಮರೆತುಹೋಯಿತು, ಆ ಖಾಲಿ ಚೌಕಗಳು ಮಾತ್ರ ಕಣ್ಣಿಗೆ ಕಟ್ಟಿದವು. ಅದಕ್ಕೇ ಅತ್ತೆಯ ಮೇಲೆ ಅಷ್ಟು ಸಿಟ್ಟು. ಅವರು ಸುಳ್ಳು ಹೇಳಿದರು ಎಂದು ಖಂಡಿತವಾಗಿ ಗೊತ್ತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಯೇ ತೀರುತ್ತೇನೆ ಎಂದುಕೊಂಡೆ. ಓದದವರ ಮಕ್ಕಳು ಉಳಿಯುವುದಿಲ್ಲ ಎಂಬ ಮಾತು ಎಲ್ಲಾದರೂ ಸಿಕ್ಕಿದರೆ, ನನ್ನ ಮಗಳನ್ನು ನಾನೇ ಕಳೆದೆ ಎಂದು ಒಪ್ಪಿಕೊಳ್ಳುವುದು. ಸಿಗದಿದ್ದರೆ ಅತ್ತೆ ಆ ಮಾತನ್ನು ಇಡೀ ಸಭೆಯೆದುರು ವಾಪಸು ತೆಗೆದುಕೊಳ್ಳಬೇಕು.

ಅಭ್ಯಾಸ ಬೆಳೆಸಿಕೊಳ್ಳುವುದು ಹೇಗೆಂದು ಪಾದ್ರಿಯವರು ಎಷ್ಟೋ ಭಾನುವಾರ ಹೇಳಿದ್ದಾರೆ. ಶಾಂತವಾದ ಜಾಗ ಬೇಕಂತೆ, ಶಾಂತವಾದ ಮನಸ್ಸು ಬೇಕಂತೆ. ನನ್ನ ಹತ್ತಿರ ಎರಡೂ ಇರಲಿಲ್ಲ. ಇದ್ದದ್ದು ಅಂಟಿನ ಡಬ್ಬಿ. ಅಂಟು ಕುದಿಯಬಾರದು, ಕುದಿದರೆ ಹಿಡಿತ ಹೋಗುತ್ತದೆ. ಬಿಸಿನೀರಿನಲ್ಲಿ ನಿಧಾನಕ್ಕೆ ಕಾದು ಕರಗಬೇಕು, ಅರ್ಧ ಗಂಟೆ. ಬೆಳಿಗ್ಗೆ ಅಂಗಡಿ ತೆರೆದು ಒಲೆ ಹಚ್ಚಿದರೆ ಆ ಅರ್ಧ ಗಂಟೆ ಬೇರೆ ಕೆಲಸ ಹಿಡಿಯಲಾಗುವುದಿಲ್ಲ. ಮೊದಲೆಲ್ಲ ಕಿಟಕಿಯಿಂದ ಬೀದಿ ನೋಡುತ್ತಿದ್ದೆ. ಈಗ ಬೈಬಲ್ ತೆರೆದು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಎದುರಾಳಿಯ ಕಾಗದಪತ್ರ ಓದುವ ವಕೀಲನ ಹಾಗೆ ಓದತೊಡಗಿದೆ. ನನಗೆ ಬೇಕಾದ ಸಾಲಿನ ಕೆಳಗೆ ಗೆರೆ. ಬೇಡದ ಸಾಲಿನ ಪಕ್ಕ ಪ್ರಶ್ನೆಯ ಗುರುತು.

ಆಮೇಲೆ ಪ್ರಾರ್ಥನೆ. ಅದನ್ನು ಪ್ರಾರ್ಥನೆ ಅನ್ನಬೇಕೋ ಬೈಗುಳ ಅನ್ನಬೇಕೋ. "ಇವತ್ತಿನ ಮೂರು ಅಧ್ಯಾಯದಲ್ಲಿ ಬರೀ ಗುಡಾರದ ಅಳತೆ. ಪರದೆಗೆ ಎಷ್ಟು ಕೊಂಡಿ ಅಂತ ಲೆಕ್ಕ ಇಟ್ಟವನಿಗೆ ಒಂದು ಕೂಸಿನ ಎದೆಯಲ್ಲಿದ್ದ ತೂತು ಕಾಣಿಸ್ಲಿಲ್ವಾ?" ಹೀಗೆ. ಜೋರಾಗಿಯೇ ಹೇಳುತ್ತಿದ್ದೆ, ಬಾಗಿಲು ಹಾಕಿಕೊಂಡು. ಬೈದು ಮುಗಿಯುವ ಹೊತ್ತಿಗೆ ಅಂಟು ಹದಕ್ಕೆ ಬಂದಿರುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಜ್ವರ ಬಂದು ಕೆಳಗೆ ಇಳಿಯಲಾಗಲಿಲ್ಲ. ಇಡೀ ದಿನ ಏನೋ ಮರೆತ ಹಾಗಿತ್ತು. ಸಂಜೆಗೆ ಗೊತ್ತಾಯಿತು, ದೇವರಿಗೆ ಬೈಯದೆ ಇದ್ದದ್ದು. ಮದುವೆಯಾದಾಗಿಂದ ಅತ್ತೆ ಹೇಳಿದ ಅಭ್ಯಾಸ ಹೀಗೆ ಬಂದು ನನ್ನ ಕೊರಳಿಗೆ ಬಿತ್ತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಪಟ್ಟಿಯಲ್ಲಿ ಮಾತ್ರ ಒಂದು ಗುರುತೂ ಹಾಕಲಿಲ್ಲ.

ಮೂರನೆಯ ತಿಂಗಳಲ್ಲಿ ಒಬ್ಬ ರಾಜನ ಕಥೆ ಬಂತು. ರಾಜ ದೊಡ್ಡ ಪಾಪ ಮಾಡುತ್ತಾನೆ, ಅದಕ್ಕೆ ಅವನ ಕೂಸು ಸಾಯುತ್ತದೆ. ಏಳು ದಿನ ನೆಲದ ಮೇಲೆ ಬಿದ್ದು ಬೇಡಿಕೊಂಡರೂ ಸಾಯುತ್ತದೆ. ನನ್ನ ಕೈಯ ಪೆನ್ಸಿಲ್ ಅಲ್ಲಿಗೇ ನಿಂತಿತು. ಅತ್ತೆ ಹೇಳಿದ್ದು ಇದೇ ಇರಬೇಕು. ಆದರೆ ಅವನು ಇನ್ನೊಬ್ಬನ ಹೆಂಡತಿಯನ್ನು ತಂದವನು, ಆ ಇನ್ನೊಬ್ಬನನ್ನು ಕೊಲ್ಲಿಸಿದವನು. ನಾನು ಮಾಡಿದ್ದೇನು, ಚೌಕದಲ್ಲಿ ಗುರುತು ಹಾಕದೆ ಮಲಗಿದ್ದು. ಹೀಗೆಲ್ಲ ವಾದ ಮಾಡಿದೆ, ಆದರೂ ಹೆದರಿಕೆ ಹೋಗಲಿಲ್ಲ. ಮೂರು ದಿನ ಬೈಗುಳವೂ ಬರಲಿಲ್ಲ.

ಮುಂದೆ ಓದಿದ್ದು ಹಟಕ್ಕೆ. ಐದನೆಯ ತಿಂಗಳಲ್ಲಿ ಇನ್ನೊಬ್ಬ ಸಿಕ್ಕಿದ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡು ಬೂದಿಯಲ್ಲಿ ಕೂತವನು. ಅವನ ಸ್ನೇಹಿತರು ಬಂದು, ನೀನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ಹೀಗಾಯಿತು ಎಂದು ಅಧ್ಯಾಯದ ಮೇಲೆ ಅಧ್ಯಾಯ ಕೊರೆಯುತ್ತಾರೆ. ಅವನು ಒಪ್ಪುವುದಿಲ್ಲ. ನನ್ನ ಹಾಗೆಯೇ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಕೊನೆಗೆ ದೇವರು ಬರುತ್ತಾನೆ. ಜಗಳವಾಡಿದವನಿಗೂ ಚೆನ್ನಾಗಿಯೇ ಬಿಸಿ ಮುಟ್ಟಿಸುತ್ತಾನೆ, ಸುಳ್ಳೇಕೆ ಹೇಳಲಿ. ಆದರೆ ಕೋಪ ಉರಿದದ್ದು ಉಪದೇಶ ಮಾಡಿದ ಆ ಸ್ನೇಹಿತರ ಮೇಲೆ. ನನ್ನ ವಿಷಯ ಸರಿಯಾಗಿ ಮಾತಾಡಿದವನು ಅವನು, ನೀವಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಆ ಸಾಲಿನ ಕೆಳಗೆ ನಾನು ಎಳೆದ ಗೆರೆಗೆ ಹಾಳೆ ಹರಿಯಿತು.

ಅದೇ ವಾರ ಗಂಡ ಅಂಗಡಿಗೆ ಒಂದು ಗಂಟು ತಂದರು. ಅತ್ತೆಯ ಬೈಬಲ್. ಬೆನ್ನು ಮುರಿದು ಎರಡು ಹೋಳಾಗಿತ್ತು. ಅಂಚಿಗೆ ಚಿನ್ನದ ಬಣ್ಣ ಹಚ್ಚಿದ, ಹಳೆಯ ಕಾಲದ ದೊಡ್ಡ ಪುಸ್ತಕ.

"ಭಾನುವಾರ ಸಭೇಲಿ ಅಮ್ಮನಿಗೆ ಸನ್ಮಾನ" ಎಂದರು. "ಮೂವತ್ತು ವರ್ಷ ತಪ್ಪದೆ ಓದಿದ್ದಕ್ಕೆ. ಇದನ್ನ ಹಿಡ್ಕೊಂಡು ಎರಡು ಮಾತಾಡ್ಬೇಕಂತೆ. ಅಷ್ಟರೊಳಗೆ ಕಟ್ಟಿಕೊಡ್ತೀಯಾ?"

"ಅವರಿಗೇ ಬಂದು ಕೇಳೋಕೆ ಬಾಯಿಲ್ವಾ?"

"ನೀನು ಬೈತೀಯ ಅಂತ."

ಶನಿವಾರ ಬೆಳಿಗ್ಗೆ ಒಲೆ ಹಚ್ಚಿ, ಹಳೆಯ ದಾರ ಕತ್ತರಿಸಿ, ಮಡಚಿ ಹೊಲಿದ ಹಾಳೆಗಳನ್ನು ಕಟ್ಟು ಕಟ್ಟಾಗಿ ಬಿಡಿಸತೊಡಗಿದೆ. ಅಂಚಿಗೆ ಚಿನ್ನ ಹಚ್ಚುವಾಗ ಹಾಳೆಗಳನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತಾರೆ. ಹಾಗಾಗಿ ಅಂಚಿನಲ್ಲಿ ಹಾಳೆಗೆ ಹಾಳೆ ಹಿಡಿದುಕೊಂಡಿರುತ್ತದೆ, ಮೊದಲ ಸಲ ತೆರೆದಾಗ ಚಿರ್ ಎಂದು ಸಣ್ಣಗೆ ಸದ್ದಾಗಿ ಬಿಡುತ್ತದೆ. ಒಮ್ಮೆ ಬಿಟ್ಟದ್ದು ಮತ್ತೆ ಹಿಡಿಯುವುದಿಲ್ಲ. ಓದಿದ ಪುಟ ಯಾವುದು, ಓದದ ಪುಟ ಯಾವುದು ಎಂದು ನಮ್ಮ ಕಸುಬಿನವರ ಹತ್ತಿರ ಯಾರೂ ಮುಚ್ಚಿಡಲಾಗುವುದಿಲ್ಲ.

ಮೊದಲ ಕಟ್ಟು ತೆಗೆದೆ. ಹಿಡಿದುಕೊಂಡಿತ್ತು. ಎರಡನೆಯದು, ಹತ್ತನೆಯದು, ಎಲ್ಲವೂ ಹಾಗೇ. ಮುಂದಕ್ಕೆ ಹುಡುಕಿ ತೆಗೆದರೆ ಬೂದಿಯಲ್ಲಿ ಕೂತವನ ಕಥೆಯ ಹಾಳೆಗಳು ಮುದ್ರಣಾಲಯದಿಂದ ಬಂದ ದಿನ ಹೇಗಿದ್ದವೋ ಹಾಗೇ ಇದ್ದವು. ಮೂವತ್ತು ವರ್ಷ, ಒಂದು ಚೌಕ ಖಾಲಿ ಇಲ್ಲ, ಆದರೆ ಪುಸ್ತಕವನ್ನೇ ತೆರೆದಿಲ್ಲ. ನನಗೆ ಖುಷಿಯಾಯಿತು, ಒಳ್ಳೆಯ ಖುಷಿಯಲ್ಲ. ನಾಳೆ ಸಭೆಯಲ್ಲಿ ಅವರು ಎರಡು ಮಾತಾಡಿದ ಮೇಲೆ ನಾನು ಎದ್ದು ಮೂರನೆಯದು ಆಡುತ್ತೇನೆ ಎಂದು ನಿರ್ಧರಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆಗ ನಡುವೆ ಬಿಟ್ಟಿದ್ದ ಒಂದು ಕಟ್ಟು ತಾನಾಗಿ ತೆರೆದುಕೊಂಡಿತು. ಒಂದು ಪುಟ ಮಾತ್ರ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅಂಚಿನ ಚಿನ್ನ ಹೋಗಿ ಕಪ್ಪಾಗಿತ್ತು. ಹೆಬ್ಬೆರಳಿಟ್ಟ ಜಾಗ ಸವೆದು, ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಓದಿದೆ. ರಾಜನ ಕೂಸು ಸಾಯುವ ಪುಟ.

ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ ಕೇಳಿಸಿತು. ಪುಸ್ತಕ ಆಯಿತಾ ಎಂದು ನೋಡಲು ಬಂದವರು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದ್ದನ್ನು ಕಂಡು ಬಾಗಿಲಲ್ಲೇ ನಿಂತರು.

"ಅತ್ತೆ, ಇದೊಂದೇ ಪುಟ ಓದಿದೀರಾ ನೀವು?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ನಿನ್ನ ಗಂಡನಿಗಿಂತ ಮುಂಚೆ ಒಬ್ಬ ಮಗ ಇದ್ದ" ಎಂದರು. "ನಿನ್ನ ಗಂಡನಿಗೆ ಅದು ಗೊತ್ತಿಲ್ಲ. ಕೂಸು ಇಪ್ಪತ್ತು ದಿನ ಇತ್ತು. ಇದು ನನ್ನ ಅತ್ತೆಯ ಪುಸ್ತಕ. ಮಣ್ಣು ಮಾಡಿ ಬಂದ ದಿನ ಅವರು ಈ ಪುಟ ತೆಗೆದು ನನ್ನ ಮುಂದಿಟ್ರು. ಪ್ರಾರ್ಥನೆ ಇಲ್ಲದವಳು ನೀನು, ನಿನ್ನ ಪಾಪ ಏನು ಅಂತ ಓದಿ ತಿಳ್ಕೋ ಅಂದ್ರು. ಅವತ್ತಿಂದ ದಿನಾ ಓದ್ತೀನಿ. ನಾನು ಏನು ಮಾಡ್ದೆ ಅಂತ ಇನ್ನೂ ಗೊತ್ತಾಗಿಲ್ಲ."

"ಪಟ್ಟೀಲಿ ಗುರುತು?"

"ಓದಿದ್ರಾ ಅಂತ ಕೇಳ್ತಾರೆ, ಏನು ಓದಿದ್ರಿ ಅಂತ ಯಾರೂ ಕೇಳಲ್ಲ."

ಇಲ್ಲಿ ನನ್ನ ಸಿಟ್ಟು ಕರಗಿತು ಎಂದು ಯಾರಾದರೂ ತಿಳಿದರೆ ತಪ್ಪು. ಮೊದಲಿಗಿಂತ ಹೆಚ್ಚಾಯಿತು. ಕೈಯಲ್ಲಿದ್ದ ಸೂಜಿ ಮೇಜಿಗೆ ಚುಚ್ಚಿ ನಿಲ್ಲಿಸಿದೆ.

"ಅಷ್ಟು ಅನುಭವಿಸಿದವರು ನೀವು. ಅದೇ ಮಾತು ನನಗೆ ಹೇಳೋಕೆ ನಾಲಿಗೆ ಹೇಗೆ ಬಂತು ನಿಮಗೆ?"

ಅತ್ತೆ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಮಗು ಸತ್ತ ಮನೇಲಿ ಏನು ಹೇಳ್ಬೇಕು ಅಂತ ನನಗೆ ಬೇರೆ ಯಾರೂ ಕಲಿಸಿರ್ಲಿಲ್ಲ" ಎಂದರು.

ನಾನು ಹಾಳೆ ಮಡಚುವ ಮೂಳೆಯ ಪಟ್ಟಿ ತೆಗೆದುಕೊಂಡು, ಬೂದಿಯಲ್ಲಿ ಕೂತವನ ಕಟ್ಟಿನ ಕೊನೆಯ ಹಾಳೆಗಳ ನಡುವೆ ತೂರಿಸಿ ಎಳೆದೆ. ಚಿರ್ ಎಂದು ಬಿಟ್ಟಿತು. ಎರಡು ತಲೆಮಾರಿನ ಅತ್ತೆಯರು ತೆರೆಯದ ಪುಟ. ಅವರ ಮುಂದಿಟ್ಟು, "ಓದಿ" ಎಂದೆ. "ಜೋರಾಗಿ."

ಅವರಿಗೆ ಗುರುತಿಲ್ಲದ ಪುಟ, ತಡವರಿಸಿ ಓದಿದರು. ದೇವರು ಸ್ನೇಹಿತರ ಮೇಲೆ ಕೋಪಗೊಂಡ ಜಾಗಕ್ಕೆ ಬಂದಾಗ ನಿಂತರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮೂರನೆಯ ಸಲ ಓದಿದರು.

"ಹಾಗಾದ್ರೆ ನಾನು ಏನೂ ಮಾಡಿರ್ಲಿಲ್ವಾ?" ಎಂದು ಕೇಳಿದರು.

"ಇಲ್ಲ ಅತ್ತೆ" ಎಂದೆ. "ನಾನೂ ಮಾಡಿರ್ಲಿಲ್ಲ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನಗೆ ಬೇಕಾದ ತೀರ್ಪು ಸಿಕ್ಕಿತ್ತು. ಆದರೆ ಅವರು ಬೆರಳಿಟ್ಟು ಮುಂದಕ್ಕೆ ಓದಿದರು. ಆ ಸ್ನೇಹಿತರು ಅವನ ಹತ್ತಿರವೇ ಹೋಗಬೇಕು, ಅವರಿಗೋಸ್ಕರ ಅವನೇ ಪ್ರಾರ್ಥಿಸಬೇಕು, ಅವನ ಪ್ರಾರ್ಥನೆಯನ್ನು ಕೇಳುತ್ತೇನೆ ಎಂದು ಅಲ್ಲಿ ಬರೆದಿತ್ತು. ಆ ಸಾಲನ್ನು ನಾನು ಓದಿದ್ದೆ. ಗೆರೆ ಎಳೆಯದೆ ದಾಟಿದ್ದೆ. ನನಗೆ ಬೇಕಾದ ಪುಟವನ್ನಷ್ಟೇ ನಾನೂ ಓದಿದ್ದು.

ಅತ್ತೆ ತಲೆ ಎತ್ತಿದರು. "ನನಗೋಸ್ಕರ ಮಾಡ್ತೀಯಾ?"

"ನನಗೆ ಬೈಯೋದೊಂದೇ ಬರೋದು."

"ಗೊತ್ತು. ಮೇಲೆ ಕೇಳ್ಸುತ್ತೆ" ಎಂದರು. "ಬೈ. ನಾನೂ ಕೂತಿರ್ತೀನಿ."

ನಿಮ್ಮ ಮಗುವಿಗೆ ಏನು ಹೆಸರಿಟ್ಟಿದ್ದಿರಿ ಎಂದು ಕೇಳಿದೆ. ಇಡುವುದರೊಳಗೇ ಹೋಯಿತು ಎಂದರು. ನಾನು ಕಣ್ಣು ಮುಚ್ಚಲಿಲ್ಲ, ಮೊಣಕಾಲೂರಲಿಲ್ಲ. ಪ್ರೆಸ್ಸಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು ಬೈದೆ. ಹೆಸರಿಡುವಷ್ಟು ದಿನವೂ ಕೊಡದೆ ಕಳಿಸಿದ್ದಕ್ಕೆ, ಇಪ್ಪತ್ತರ ಹುಡುಗಿಯ ಕೈಗೆ ಆ ಒಂದು ಪುಟ ಕೊಟ್ಟಾಗ ಸುಮ್ಮನೆ ನೋಡಿಕೊಂಡಿದ್ದಕ್ಕೆ, ಅವಳು ಮುದುಕಿಯಾಗುವವರೆಗೆ ಬೇರೆ ಪುಟ ತೆರೆದು ತೋರಿಸದೆ ಇದ್ದದ್ದಕ್ಕೆ. ಅತ್ತೆ ಒಂದೆರಡು ಕಡೆ ಆಮೆನ್ ಎಂದರು. ನಡುವೆ ಅಂಟು ಕುದಿದು ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಆ ಡಬ್ಬಿ ಚೆಲ್ಲಬೇಕಾಯಿತು. ಭಾನುವಾರಕ್ಕೆ ಪುಸ್ತಕ ಆಗಲಿಲ್ಲ. ಅತ್ತೆ ಬಿಡಿ ಕಟ್ಟುಗಳನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಸಭೆಗೆ ಹೊರಟರು.

"ಅಲ್ಲಿ ನೀನೇನೂ ಹೇಳ್ಬೇಡ" ಎಂದರು ಬಾಗಿಲಲ್ಲಿ. "ಒಂದೇ ಪುಟ ಓದಿದ್ದು ಅಂತ ನಾನೇ ಹೇಳ್ತೀನಿ. ನಿನಗೆ ಅಂದ ಮಾತನ್ನೂ ಅಲ್ಲೇ ವಾಪಸು ತಗೋತೀನಿ."

ಹೇಳಿದರು. ಸನ್ಮಾನ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಅತ್ತೆ ಸ್ಟೂಲಿನ ಮೇಲೆ ಮೊದಲ ಪುಟ ತೆಗೆದುಕೊಂಡು ಕೂತಿದ್ದರು. ನನ್ನ ಸಿಟ್ಟು ಅವತ್ತೂ ಹಾಗೇ ಇತ್ತು. ಆದರೆ ಅದರಲ್ಲಿ ಈಗ ಇಬ್ಬರು ಮಕ್ಕಳಿದ್ದರು.